ಊರಿಲ್ಲದ ಮಂಗಳವಾರ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಮನುಷ್ಯ. ಭೂಮಾಪನ ಇಲಾಖೆಯಲ್ಲಿ ನನಗೆ 'ಗರಂ ಜೋಶಿ' ಅಂತ ಹೆಸರಿತ್ತು. ನನ್ನ ಬೆನ್ನ ಹಿಂದೆ ಅನ್ನುತ್ತಿದ್ದೇವೆಂದು ಅವರು ತಿಳಿದಿದ್ದರು, ನನಗೆ ಎಲ್ಲಾ ಕೇಳಿಸುತ್ತಿತ್ತು. ರಾಮದುರ್ಗದ ಪೌರೋಹಿತ್ಯದ ಮನೆಯಲ್ಲಿ ಹುಟ್ಟಿದವನು ಮಂತ್ರ ಬಿಟ್ಟು ಸರಪಳಿ ಹಿಡಿದೆ. "ಮಂದಿ ಹೊಲಾ ಅಳಕೋತ ಬಿಸಲಾಗ ತಿರಗಲಿಕ್ಕೆ ನಿನಗ ಸಂಸ್ಕೃತ ಕಲಿಸಿದ್ನೇನು?" ಎಂದು ನಮ್ಮಪ್ಪ ಕೇಳಿದ್ದರು. ನಾನು ಸಂಸ್ಕೃತದಲ್ಲೇ ಏನೋ ಉತ್ತರ ಕೊಟ್ಟೆ. ಅವರು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟರು.

ಈಗ ನಿವೃತ್ತನಾಗಿ ಬೈಲಹೊಂಗಲದಲ್ಲಿ ಇದ್ದೇನೆ. ಹೊಸದಾಗಿ ಸರ್ವೇಯರ್ ಆದ ಹುಡುಗರು ಹುಡುಗಿಯರು ಆಗಾಗ ಮನೆಗೆ ಬಂದು ಚಹಾ ಕುಡಿಯುತ್ತಾರೆ. "ಸರ್, ನಿಮ್ಮ ಕಾಲಕ್ಕ ಈ ಕೆಲಸಾ ಭಾಳ ತ್ರಾಸ ಇತ್ತಲ್ರಿ?" ಎಂದು ಕೇಳುತ್ತಾರೆ. ತ್ರಾಸೂ ಇತ್ತು, ಮಜವೂ ಇತ್ತು. ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬ ಪುರಾಣವನ್ನು ನಾನು ಬರೆಯುವುದಿಲ್ಲ. ನನ್ನ ಹೆಂಡತಿಗೇ ಅದನ್ನು ಕೇಳಿ ಕೇಳಿ ಸಾಕಾಗಿದೆ. ನಿಮಗೆ ಬೇಕಾದ್ದು ಬೇರೆ.

ನನ್ನ ಮೊದಲ ನೇಮಕ ಸವದತ್ತಿಗೆ. ಆಗ ಕಬ್ಬಿಣದ ಸರಪಳಿ ಎಳೆದು ಅಳೆಯುವ ಕಾಲ. ಎರೆ ಹೊಲದ ಬಿಸಿಲಿನಲ್ಲಿ ಮಧ್ಯಾಹ್ನ ಅದನ್ನು ಮುಟ್ಟಿದರೆ ಅಂಗೈ ಚುರ್ ಎನ್ನುತ್ತಿತ್ತು. ಮೇಲ್ವಿಚಾರಕರು ಹಿರೇಮಠ ಎಂಬುವರು. ತೆಳ್ಳಗಿನ ಆಳು, ದಪ್ಪ ಕನ್ನಡಕ, ಬೈಗುಳದಲ್ಲಿ ಮಹಾ ಪಂಡಿತರು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು: "ಜೋಶಿ, ತಂಟೆ ಹೊಲಾ ಅಳ್ಯಾಕ ಹೋದ್ರ ಇಬ್ಬರ ಮನ್ಯಾಗೂ ನೀರ ಕುಡಿ. ಇಲ್ಲಾಂದ್ರ ಇಬ್ಬರದೂ ಬಿಡು. ಒಬ್ಬರ ಮನಿ ನೀರ ಕುಡದಿ ಅಂದ್ರ ನಿನ್ನ ಸರಪಳಿ ಸೊಟ್ಟ ಬೀಳತೈತಿ."

ಒಮ್ಮೆ ನಾನು ಬೇವಿನ ಗಿಡದ ನೆರಳಿನಲ್ಲಿ ಕುಳಿತು, ಆಳುಗಳನ್ನು ಮಾತ್ರ ಹೊಲಕ್ಕೆ ಕಳಿಸಿ, ಅವರು ಕೂಗಿದ ಅಳತೆಯನ್ನು ನೆಚ್ಚಿ ನಕಾಶೆ ತೆಗೆದೆ. ಹಿರೇಮಠರು ನಕಾಶೆ ನೋಡಿದರು, ನನ್ನ ಚಪ್ಪಲಿ ನೋಡಿದರು. ಚಪ್ಪಲಿಗೆ ಎರೆಮಣ್ಣು ಅಂಟಿರಲಿಲ್ಲ. ನನ್ನನ್ನು ಅದೇ ಹೊಲಕ್ಕೆ ಕರೆದುಕೊಂಡು ಹೋಗಿ, ಸುತ್ತಲಿನ ಬದುವಿನ ಮೇಲೆ ತಾವೂ ನಡೆದರು, ನನ್ನನ್ನೂ ನಡೆಸಿದರು. ಬದುವಿನ ನಡುವೆ ಒಂದು ಮುಚ್ಚಿದ ಹಳೆ ಬಾವಿ ಇತ್ತು. ನನ್ನ ನಕಾಶೆಯಲ್ಲಿ ಅದು ಇರಲಿಲ್ಲ. "ಈ ಬಾವಿ ಯಾರ ನುಂಗಿದ್ರಪಾ?" ಎಂದರು ಅಷ್ಟೇ. ಅವತ್ತಿನಿಂದ ನಾನು ನೆರಳಿನಲ್ಲಿ ಕುಳಿತು ಅಳೆಯಲಿಲ್ಲ.

ರಾಮದುರ್ಗದ ಕಡೆಯ ಒಂದು ಊರಲ್ಲಿ ಅಣ್ಣತಮ್ಮಂದಿರ ಜಗಳ. ಗಡಿಯ ಬಾಂದುಗಲ್ಲೇ ಮಾಯ. ಅಣ್ಣ ತಮ್ಮನ ಮೇಲೆ ಹೇಳುತ್ತಾನೆ, ತಮ್ಮ ಅಣ್ಣನ ಮೇಲೆ ಹೇಳುತ್ತಾನೆ. ಹಿರೇಮಠರ ಮಾತಿನಂತೆ ನಾನು ಇಬ್ಬರ ಮನೆಯಲ್ಲೂ ನೀರು ಕುಡಿಯಲು ಹೋದೆ. ತಮ್ಮನ ಹಿತ್ತಿಲಲ್ಲಿ ಅವನ ಹೆಂಡತಿ ಒಂದು ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದಳು. ನಾನು ಚರಿಗೆ ಕೆಳಗಿಟ್ಟು, "ತಂಗೀ, ಒಗ್ಯಾಣ ಮುಗಿಸಿ ಆ ಕಲ್ಲ ಸ್ವಲ್ಪ ಹೊಳ್ಳಿಸಿ ತೋರಸವಾ" ಎಂದೆ. ಕಲ್ಲನ್ನು ಮಗುಚಿದರೆ ಸರ್ಕಾರಿ ಗುರುತು ನಗುತ್ತಿತ್ತು. ಆಕೆಗೆ ಪಾಪ ಏನೂ ಗೊತ್ತಿರಲಿಲ್ಲ, "ಛಲೋ ಸಪಾಟ ಕಲ್ಲ ತಂದಾರಂತ ನಾನೂ ಖುಷಿ ಆಗಿದ್ನಿರಿ" ಎಂದಳು. ನನ್ನ ಹಿಂದೆಯೇ ಬಂದಿದ್ದ ಅಣ್ಣನಿಗೇ ನಗು ತಡೆಯಲಾಗಲಿಲ್ಲ. ಅರ್ಧ ಜಗಳ ಅಲ್ಲೇ ಮುಗಿಯಿತು.

ಆಮೇಲೆ ಯಂತ್ರಗಳು ಬಂದವು. ಕೊನೆಗೆ ಈಗ ನೀವು ಹಿಡಿದು ತಿರುಗುವ ರೋವರ್ ಬಂತು. ಉಪಗ್ರಹದ ಜೊತೆ ಮಾತಾಡಿ ನಿಂತ ಜಾಗವನ್ನು ಬೆರಳಗಲದ ತಪ್ಪಿಲ್ಲದೆ ಹೇಳುವ ಕೋಲು. ನನಗೆ ಅದರ ಮೇಲೆ ಏನೂ ಹೊಟ್ಟೆಕಿಚ್ಚಿಲ್ಲ. ಆ ಕೋಲು ನನ್ನ ಮೊಣಕಾಲು ಉಳಿಸಿತು, ಅದಕ್ಕೆ ದಿನಾ ಕೈ ಮುಗಿಯುತ್ತೇನೆ. ಆದರೆ ದಟ್ಟ ಗಿಡದ ಕೆಳಗೆ ಅದು ಕೈ ಎತ್ತಿಬಿಡುತ್ತದೆ. ಹಾಗೆ ಕೈ ಎತ್ತಿದ್ದರಿಂದಲೇ, ನನ್ನ ಸೇವೆಯ ಕೊನೆಯ ವರ್ಷದಲ್ಲಿ, ಸರಪಳಿ ಬಲ್ಲವರು ಯಾರಿದ್ದೀರಿ ಎಂದು ಹುಡುಕಿ ನನ್ನನ್ನು ಕಿತ್ತೂರಿನ ಕಾಡಿಗೆ ಕಳಿಸಿದರು. ಇಲ್ಲಿಯವರೆಗೆ ಹೇಳಿದ್ದೆಲ್ಲ ಪೀಠಿಕೆ. ನಾನು ಹೇಳಬೇಕೆಂದು ಕುಳಿತಿದ್ದು ಆ ಕಾಡಿನೊಳಗಿನ ಊರಿನ ಕಥೆ.

ಕಿತ್ತೂರಿನ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಹೊರಟರೆ, ಲಾರಿಗಳ ಸದ್ದು ನಿಂತ ಮೇಲೆ ಕಾಡು ಶುರುವಾಗುತ್ತದೆ. ಮತ್ತಿ, ದಿಂಡಲ, ಮುತ್ತಲ ಗಿಡಗಳ ದಟ್ಟ ಕಾಡು. ಅದರೊಳಗೆ ಒಂದು ಸಣ್ಣ ಊರು. ನಿಜವಾದ ಹೆಸರು ಬರೆಯುವುದಿಲ್ಲ, ಮುತ್ತಲಕೊಪ್ಪ ಎನ್ನೋಣ. ಆ ಊರಿನ ಹಿರಿಯರು ಕಬ್ಬಿಣ ಕರಗಿಸುವವರು. ಕಾಡಿನ ಕೆಂಪು ಕಲ್ಲನ್ನು ಇದ್ದಲಿನಲ್ಲಿ ಕಾಸಿ, ಕುಡುಗೋಲು, ಕುಂಟೆಯ ಕುಡ, ಗಾಡಿಯ ಹಳಿ ಮಾಡಿ ಸುತ್ತಲಿನ ಊರುಗಳಿಗೆ ಕೊಡುತ್ತಿದ್ದರು. ಕಬ್ಬಿಣ ತೆಗೆದ ಮೇಲೆ ಉಳಿದ ಕಿಟ್ಟದ ಗುಡ್ಡೆ ಊರ ಹಿಂದೆ ಇವತ್ತಿಗೂ ಇದೆ, ಮೇಲೆ ಹುಲ್ಲು ಬೆಳೆದಿದೆ. ಕಾಡು ಸರ್ಕಾರದ್ದಾದ ಮೇಲೆ ಇದ್ದಲು ಸುಡುವುದು ನಿಂತಿತು, ಕುಲುಮೆಗಳು ಆರಿದವು. ಗಂಡಸರು ಜೋಳ ಬಿತ್ತಲು ಕಲಿತರು. ಹೆಂಗಸರು ಮುತ್ತಲ ಎಲೆ ಹಚ್ಚಿ ಪತ್ರಾವಳಿ ಮಾಡಿ ಕಿತ್ತೂರು, ಬೈಲಹೊಂಗಲದ ಸಂತೆಗೆ ಹೊತ್ತುಕೊಂಡು ಹೋದರು. ನಮ್ಮಪ್ಪ ಮಾಡಿಸಿದ ಎಷ್ಟೋ ಸತ್ಯನಾರಾಯಣ ಪೂಜೆಗಳಲ್ಲಿ ಮಂದಿ ಉಂಡದ್ದು ಅಂಥ ಎಲೆಗಳ ಮೇಲೆಯೇ.

ಇಂಥ ಊರಿನ ಮೇಲೆ ಹಳೆಯ ನಕಾಶೆಯಲ್ಲಿ ಒಂದೇ ಒಂದು ಶಬ್ದ ಬರೆದಿತ್ತು: 'ಬೇಚರಾಕ'. ನಮ್ಮ ಇಲಾಖೆಯ ಮಾತಿನಲ್ಲಿ ಬೇಚರಾಕ ಅಂದರೆ ಜನ ಬಿಟ್ಟುಹೋದ ಊರು. ಬ್ರಿಟಿಷರ ಕಾಲದ ಮೊದಲ ಸರ್ವೆಯವರು ಹಾಗೆಂದು ಬರೆದು ಹೋದರು. ಹಾಳೂರು ಎಂದ ಮೇಲೆ ಮನೆಗಳಿದ್ದ ಜಾಗವೂ ಕಾಡಿನ ಲೆಕ್ಕಕ್ಕೆ ಸೇರಿತು. ಊರಿನವರಿಗೆ ಇದರ ಸುಳಿವೇ ಇರಲಿಲ್ಲ. ನಕಾಶೆಗಳೆಲ್ಲ ಕಂಪ್ಯೂಟರಿಗೆ ಏರಿ, ಕಾಡಿನ ಗಡಿ ಹೊಸದಾಗಿ ಗುರುತಿಸುವಾಗ ಮಾತ್ರ ಬಾಂಬು ಸಿಡಿಯಿತು. ಊರಿನ ಮನೆಗಳೆಲ್ಲ ಅತಿಕ್ರಮಣ, ಖಾಲಿ ಮಾಡಿ ಎಂದು ನೋಟಿಸು ಬಂತು.

ಅರಣ್ಯದವರ ವಾದ ಸರಳವಾಗಿತ್ತು. ಹಿಂದೆ ಊರಿದ್ದದ್ದು ನಿಜ, ಆದರೆ ಅದು ಸತ್ತುಹೋಗಿತ್ತು, ಇವರ ಅಜ್ಜಂದಿರು ಆಮೇಲೆ ಎಲ್ಲಿಂದಲೋ ಬಂದು ಕಾಡು ಕಡಿದು ಕುಳಿತರು. ಊರಿನವರು, ನಾವು ಒಂದು ದಿನವೂ ಊರು ಬಿಟ್ಟವರಲ್ಲ ಎಂದರು. ಪ್ರಕರಣ ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಮುಂದೆ ಬಂತು. ಅವರು ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ. ಮೊದಲ ಸರ್ವೆ ನಡೆದಾಗ ಮುತ್ತಲಕೊಪ್ಪದಲ್ಲಿ ಜನ ಇದ್ದರೋ ಇಲ್ಲವೋ? ಇದ್ದರು ಎಂದಾದರೆ ಊರು ಉಳಿಯುತ್ತದೆ, ಇಲ್ಲ ಎಂದಾದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು.

ನಾನು ಜಂಟಿ ಸರ್ವೆಗೆಂದು ಹೋಗಿದ್ದು ಒಂದು ಮಂಗಳವಾರ. ಜೊತೆಗೆ ವಲಯ ಅರಣ್ಯಾಧಿಕಾರಿ ನಾಯಕ. ಆತ ಕೆಟ್ಟ ಮನುಷ್ಯನಲ್ಲ. ಕಾಡಿನ ಮೇಲೆ ಅವನಿಗೆ ಜೀವ, ಒಂದು ಗಿಡ ಉರುಳಿದರೆ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ನಾವು ಊರ ಬಾಗಿಲಿಗೆ ಹೋದರೆ ಅಡ್ಡಲಾಗಿ ಮುಳ್ಳಿನ ಕೊಂಟೆ ಎಳೆದಿತ್ತು. ಒಳಗೆ ಮನೆ ಮನೆಗೂ ಅಗಳಿ. ಮನುಷ್ಯರಿಲ್ಲ, ದನವಿಲ್ಲ, ಒಂದು ನಾಯಿ ಸಹ ಬೊಗಳಲಿಲ್ಲ. ನಾಯಕ ನಕ್ಕುಬಿಟ್ಟ. "ನೋಡ್ರಿ ಜೋಶಿಯವರ, ಈಗೂ ಬೇಚರಾಕನ ಐತಿ" ಎಂದ. ನನಗೆ ನಗು ಬರಲಿಲ್ಲ, ತಲೆ ಚಿಟ್ಟು ಹಿಡಿಯಿತು. ಅಷ್ಟರಲ್ಲಿ ಹಳ್ಳದ ಆಚೆಯ ಮಾವಿನ ತೋಪಿನಿಂದ ಹೊಗೆ ಏಳುವುದು ಕಂಡಿತು.

ಇಡೀ ಊರು ಅಲ್ಲಿತ್ತು. ದನಕರು, ಕೋಳಿ, ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಮುದುಕರು, ಎಲ್ಲರೂ. ಮೂರು ಕಲ್ಲಿನ ಒಲೆಗಳ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಇದು ನಮ್ಮ ಕಡೆ ಕೆಲವು ಊರುಗಳಲ್ಲಿ ಇರುವ ಹೊರಬೀಡು ಎಂಬ ಪದ್ಧತಿ. ಬೇಸಿಗೆಯ ರೋಗರುಜಿನ ಬಾರದಿರಲಿ ಎಂದು ಊರಿಗೆ ಊರೇ ಹೊರಗೆ ಹೋಗಿ ಹೊತ್ತು ಕಳೆಯುವುದು. ಊರಿನ ಹಿರಿಯಳು ಬಾಳವ್ವ ನನ್ನನ್ನು ಕಂಬಳಿ ಮೇಲೆ ಕೂರಿಸಿ ವಿವರಿಸಿದಳು. ದುರ್ಗವ್ವನ ಗುಡಿಯ ದೀಪ ಹಚ್ಚುವುದು ಆಕೆಯ ಕೆಲಸ.

"ಭಾರತ ಹುಣ್ಣಿವಿ ಆದ ಮ್ಯಾಲ ಯುಗಾದಿ ಬರೂತನಕಾ ಮಂಗಳವಾರ ಊರಾಗ ಒಲಿ ಹೊತ್ತಸಂಗಿಲ್ರಿ, ಸಾಹೇಬ್ರ. ಬ್ಯಾಸಗಿ ಬ್ಯಾನಿ ಊರ ಹುಡುಕ್ಕೋತ ಬರತೈತಿ. ಖಾಲಿ ಕಂಡ್ರ ಮುಂದ ಹೋಗತೈತಿ. ಹೊತ್ತ ಮುಣಗಿದ ಮ್ಯಾಲ ನಾವು ಒಳಗ ಹೋಗತೇವಿ."

ಊಟಕ್ಕೆ ಮೊದಲು ಆಕೆ ಒಂದು ಪತ್ರಾವಳಿಯಲ್ಲಿ ಹುಗ್ಗಿ ಬಡಿಸಿ, ತೋಪಿನ ಅಂಚಿನಲ್ಲಿ ಕುಂಕುಮ ಹಚ್ಚಿದ್ದ ಒಂದು ಕಲ್ಲಿನ ಮುಂದೆ ಇಟ್ಟಳು. ಅದು ಯಾರ ಎಡೆ ಎಂದು ಕೇಳಿದೆ. "ಸರಪಳಿಯವರದು" ಎಂದಳು. ನಾನೂ ಸರಪಳಿಯವನೇ ಆದ್ದರಿಂದ, "ಹಂಗಾದ್ರ ನಂದ ಅದು, ಕೊಡಿಲ್ಲೆ" ಎಂದೆ. ಎಲ್ಲರೂ ನಕ್ಕರು. ನನಗೆ ಬೇರೆ ಎಲೆ ಬಡಿಸಿದರು. ಹುಗ್ಗಿ, ಝುಣಕ, ಬಿಸಿ ರೊಟ್ಟಿ. ಮಡಿ ಗಿಡಿ ಎಂದು ಯೋಚಿಸುವಷ್ಟು ಪುರಸೊತ್ತು ಹೊಟ್ಟೆಗೆ ಇರಲಿಲ್ಲ. ನಾಯಕನೂ ಎರಡನೇ ಸಲ ಹಾಕಿಸಿಕೊಂಡ.

ಮರುದಿನದಿಂದ ಅಳತೆ ಶುರು ಮಾಡಿದೆವು. ಗಿಡಗಳ ಕೆಳಗೆ ರೋವರ್ ಪೇಚಾಡುತ್ತಿತ್ತು, ನಾನು ಉಗ್ರಾಣದಿಂದ ತಂದ ಹಳೆ ಸರಪಳಿ ಬಿಚ್ಚಿದೆ. ಹಳೆಯ ನಕಾಶೆಯಲ್ಲಿದ್ದ ಬಾವಿ ಅಲ್ಲೇ ಇತ್ತು. ಊರಬಾಗಿಲಿನ ಪಾದಗಟ್ಟಿ ಎಂಬ ಪೂಜೆಯ ಕಟ್ಟೆ ಅಲ್ಲೇ ಇತ್ತು. ಜೋಳ ತುಂಬಿಡುವ ಹಗೆವುಗಳು, ದುರ್ಗವ್ವನ ಗುಡಿ, ಓಣಿಯ ತಿರುವು ಎಲ್ಲವೂ ಸರಿಯಾಗಿ ಕೂತವು. ತೋಪಿನ ಅಂಚಿನ ಕುಂಕುಮದ ಕಲ್ಲು ಸಹ ಮೊದಲ ಸರ್ವೆಯ ಬಾಂದುಗಲ್ಲು ಎಂದು ಅಳತೆಯಲ್ಲಿ ಹೊರಬಿತ್ತು. ನಾನು ಖುಷಿಯಿಂದ ನಾಯಕನನ್ನು ಕರೆದು ಎಲ್ಲವನ್ನೂ ತೋರಿಸಿದೆ.

ಅವನು ತಾಳ್ಮೆಯಿಂದ ನೋಡಿದ. "ಜೋಶಿಯವರ, ಊರ ಇತ್ತಂತ ನಾವೂ ಒಪ್ಪತೇವಿ. ಆದ್ರ ಸರ್ವೆ ಮಾಡಿದಾಗ ಮಂದಿ ಇದ್ರು ಅಂತ ಇದರಾಗ ಎಲ್ಲೈತಿ? ಮಂದಿ ಇಲ್ಲದ ಊರಿಗೂ ಬಾವಿ ಇರತೈತಿ" ಎಂದ. ಅವನ ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಮೈ ಉರಿಯಿತು. ನೀವು ಹೊಸಬರು ಇದನ್ನು ಚೆನ್ನಾಗಿ ನೆನಪಿಡಿ. ನಮ್ಮ ಸರಪಳಿಗೂ ನಿಮ್ಮ ರೋವರಿಗೂ ಕಲ್ಲು, ಗೋಡೆ, ಬಾವಿ ಮಾತ್ರ ಕಾಣುತ್ತವೆ. ಅಲ್ಲಿ ಅವತ್ತು ಯಾರಿದ್ದರು ಎಂದು ಅವು ಹೇಳುವುದಿಲ್ಲ.

ಇಷ್ಟರಲ್ಲಿ ಉಪವಿಭಾಗಾಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುವ ದಿನ ಗೊತ್ತಾಯಿತು. ಯುಗಾದಿಗೆ ಮೊದಲಿನ ಮಂಗಳವಾರ. ನಾನು ಬೈಲಹೊಂಗಲಕ್ಕೆ ಓಡಿದೆ. ಅಧಿಕಾರಿ ಊರಲ್ಲಿರಲಿಲ್ಲ, ಸಭೆಗೆಂದು ಬೆಂಗಳೂರಿಗೆ ಹೋಗಿದ್ದರು. ಅವರ ಶಿರಸ್ತೇದಾರರು ಅಡಿಕೆ ಕತ್ತರಿಸುತ್ತ, "ಇಬ್ಬರಿಗೂ ತಾರೀಖ ಹೋಗ್ಯಾವ್ರಿ. ಹಬ್ಬದೊಳಗ ಮುಗಸರಿ ಅಂತ ಮ್ಯಾಲಿಂದ ಹುಕುಂ ಐತಿ. ಈಗ ಬದಲಿ ಮಾಡಾಕ ಬರೂದಿಲ್ಲ" ಎಂದರು. ಮಂಗಳವಾರ ಊರು ಖಾಲಿ ಇರುತ್ತದೆ ಎಂದೆ. "ಅಧಿಕಾರಿ ಬರೂ ದಿನಾನ ಮಂದಿ ಊರಾಗ ಇರೂದಿಲ್ಲಂದ್ರ ಯಾರ ನಂಬತಾರ್ರಿ?" ಎಂದು ನನ್ನನ್ನೇ ಕೇಳಿದರು.

ಅಲ್ಲಿಂದ ನೆಟ್ಟಗೆ ಮುತ್ತಲಕೊಪ್ಪಕ್ಕೆ ಹೋದೆ. ಬಾಳವ್ವ ಗುಡಿಯ ಕಟ್ಟೆಯ ಮೇಲೆ ಎಲೆ ಹಚ್ಚುತ್ತಿದ್ದಳು, ಸುತ್ತ ನಾಲ್ಕಾರು ಹೆಂಗಸರು. ನಾನು ಮೊದಲು ಮೆತ್ತಗೆ ಹೇಳಿದೆ. "ಆಯಿ, ಇದೊಂದ ಮಂಗಳವಾರ ಮನ್ಯಾಗ ಕೂತುಬಿಡ್ರಿ. ಒಲಿ ಹೊತ್ತಸ್ರಿ, ಹೊಗಿ ಕಾಣ್ಲಿ, ಕೂಸ ಅಳ್ಲಿ. ಅಷ್ಟ ಸಾಕು."

"ಆಗೂದಿಲ್ರಿ" ಎಂದಳು, ತಲೆ ಎತ್ತದೆ.

"ಒಂದ ದಿನಾ ಕೂತ್ರ ದುರ್ಗವ್ವ ಸಿಟ್ಟಾಗತಾಳೇನು? ನಾನು ಪುರೋಹಿತರ ಮನೀ ಮಗಾ, ಶಾಂತಿ ಮಾಡಿಸಿ ಕೊಡತೇನಿ."

"ನಿಮ್ಮ ಶಾಂತಿ ನಿಮ್ಮಲ್ಲೆ ಇರ್ಲಿ, ಸಾಹೇಬ್ರ. ಇಕಿ ನಮ್ಮವ್ವ. ಇಕಿ ಸಿಟ್ಟ ನಮಗ ಗೊತ್ತು."

ನನ್ನ ತಾಳ್ಮೆ ಅಲ್ಲಿಗೆ ತೀರಿತು. ಬಾಯಿಗೆ ಬಂದಂತೆ ಮಾತಾಡಿದೆ. ನಾನು ಈ ಬಿಸಿಲಿನಲ್ಲಿ ನಿಮಗೋಸ್ಕರ ಸಾಯುತ್ತಿದ್ದೇನೆ, ನೀವು ಹುಗ್ಗಿ ಉಣ್ಣಲು ತೋಪಿಗೆ ಹೋಗುತ್ತೇವೆ ಅನ್ನುತ್ತೀರಿ, ಮುಂದಿನ ವರ್ಷ ಈ ಊರೇ ಇರುವುದಿಲ್ಲ, ಆಗ ಎಲ್ಲಿಂದ ಹೊರಗೆ ಹೋಗುತ್ತೀರಿ ಎಂದು ಕೂಗಾಡಿದೆ. ಹೆಂಗಸರು ಕೈಕೆಲಸ ನಿಲ್ಲಿಸಿದರು. ಬಾಳವ್ವ ಎಲೆಯೊಳಗಿನ ಕಡ್ಡಿ ಚುಚ್ಚಿ ಮುಗಿಸಿ, ಆಮೇಲೆ ನನ್ನನ್ನು ನೋಡಿದಳು.

"ಊರ ಉಳಸಾಕ ಊರಾಗ ಕುಂಡ್ರರಿ ಅಂತೀರಿ. ನಾವು ಊರ ಉಳಸಾಕ ಹೊರಗ ಹೋಗತೇವ್ರಿ. ನಮ್ಮ ಹಿರ್ಯಾರು ಹಂಗ ಉಳಿಸ್ಕೊಂಡ ಬಂದಾರ."

ಆಕೆ ಕೊಟ್ಟ ಚಹಾ ಸಹ ಕುಡಿಯದೆ ಹೊರಟುಬಂದೆ. ಹಾಳಾಗಿ ಹೋಗಲಿ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮನೆಗೆ ಬಂದು ಊಟಕ್ಕೆ ಕುಳಿತರೆ ತುತ್ತು ಇಳಿಯಲಿಲ್ಲ. ಆ ಊರು ಹೋಗಿಬಿಡುತ್ತದಲ್ಲಾ ಎಂಬ ಯೋಚನೆ ಬಿಡಲಿಲ್ಲ.

ಆ ಮಂಗಳವಾರ ಬಂತು. ಉಪವಿಭಾಗಾಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು. ಚಿಕ್ಕ ವಯಸ್ಸು, ಮಾತು ಕಡಿಮೆ, ಕಣ್ಣು ಚುರುಕು. ಊರ ಬಾಗಿಲಲ್ಲಿ ಜೀಪು ನಿಂತಿತು. ಮುತ್ತಲ ಹೂ ಕೆಂಪಗೆ ಉದುರಿದ್ದವು. ಅಡ್ಡಕ್ಕೆ ಅದೇ ಮುಳ್ಳಿನ ಕೊಂಟೆ, ಒಳಗೆ ಅದೇ ಮೌನ. ಅವರ ಜೊತೆ ಬಂದಿದ್ದ ಗುಮಾಸ್ತ ಪಂಚನಾಮೆ ಬರೆಯಲು ಪೆನ್ನು ತೆಗೆದ. ನಾಯಕ ನನ್ನ ಮುಖ ನೋಡಿ, ಸ್ವಲ್ಪ ಸಂಕೋಚದಿಂದಲೇ, "ಮೇಡಂ, ಸದ್ಯಕ್ಕೆ ಸ್ಥಳದಲ್ಲಿ ಯಾರೂ ಇಲ್ಲ ಅಂತ ಬರೆಸಬಹುದು" ಎಂದ.

"ಬರ್ಕೊಳ್ಳಿ, ಯಾರೂ ಕಾಣಲಿಲ್ಲ" ಎಂದರು ಅವರು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮುಳ್ಳಿನ ಸಂದಿಯಿಂದ ಒಳಗೆ ಬಗ್ಗಿ ನೋಡಿದರು. "ಹೊಸಿಲಿಗೆ ಸಗಣಿ ಸಾರಿಸಿದ್ದಾರೆ. ಇನ್ನೂ ಪೂರ್ತಿ ಒಣಗಿಲ್ಲ. ಜನ ಎಲ್ಲಿ ಜೋಶಿಯವರೇ?"

ತೋಪಿಗೆ ಕರೆದುಕೊಂಡು ಹೋದೆ. ಊರವರು ಎದ್ದು ನಿಂತು ನಮಸ್ಕರಿಸಿದರು, ಕಂಬಳಿ ಹಾಸಿದರು, ಮಜ್ಜಿಗೆ ಕೊಟ್ಟರು. ನಾನು ಹೊರಬೀಡಿನ ಪದ್ಧತಿಯನ್ನು ಹೇಳಿದೆ. ಅವರು ತಲೆಯಾಡಿಸಿ ಕೇಳಿದರು. ಆಮೇಲೆ ಕ್ರಮದ ಪ್ರಕಾರ ಹೇಳಿಕೆ ತೆಗೆದುಕೊಳ್ಳಲು ಬಾಳವ್ವನನ್ನು ಕರೆದರು. ಗುಮಾಸ್ತ ಪಕ್ಕದಲ್ಲಿ ಕುಳಿತ.

"ನಿಮ್ಮ ಹೆಸರು ಏನಮ್ಮ?"

"ಬಾಳವ್ವ ರೀ."

"ಯಾವ ಊರು?"

ಬಾಳವ್ವ ಕೈಯಲ್ಲಿದ್ದ ಹುಗ್ಗಿಯ ಸೌಟನ್ನೇ ನೋಡುತ್ತ ನಿಂತಳು. ಅಧಿಕಾರಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದರು.

"ಇವತ್ತ ನಮಗ ಊರಿಲ್ಲ, ಯವ್ವಾ" ಎಂದಳು ಆಕೆ.

ಅಧಿಕಾರಿ ಪಕ್ಕದಲ್ಲಿದ್ದ ಒಬ್ಬ ಗಂಡಸನ್ನು ಕೇಳಿದರು. ಅವನೂ ನೆಲ ನೋಡುತ್ತ, "ಊರಿಲ್ರಿ" ಎಂದ. ಕಂಕುಳಲ್ಲಿ ಕೂಸು ಇಟ್ಟುಕೊಂಡ ಒಬ್ಬ ಸೊಸೆಯನ್ನು ಕೇಳಿದರು. ಆಕೆಯೂ ಸೆರಗು ಸರಿಮಾಡಿಕೊಂಡು ಅದನ್ನೇ ಅಂದಳು. ಗುಮಾಸ್ತ ಬರೆದುಕೊಳ್ಳುತ್ತಲೇ ಇದ್ದ. ಊರು ಉಳಿಸಿಕೊಳ್ಳಲು ಬಂದ ಜನ, ತೀರ್ಮಾನ ಮಾಡುವವರ ಮುಂದೆಯೇ, ತಮ್ಮ ಬಾಯಿಂದಲೇ ಊರಿಲ್ಲ ಎಂದು ಬರೆಸುತ್ತಿದ್ದರು. ನಾಯಕನೂ ಅದನ್ನು ನೋಡಲಾಗದೆ ಮುಖ ತಿರುಗಿಸಿದ.

ನನಗೆ ತಡೆಯಲಾಗಲಿಲ್ಲ. "ಆಯಿ, ನಿನ್ನ ಕಾಲ ಬೀಳತೇನಿ, ಊರಿನ ಹೆಸರ ಹೇಳು" ಎಂದು ಅಂಗಲಾಚಿದೆ. ಸಿಟ್ಟಿಗೆ ಬದಲಾಗಿ ಕಣ್ಣಲ್ಲಿ ನೀರು ಬಂದಿತ್ತು.

"ಬ್ಯಾನಿ ಊರ ಹುಡುಕೂ ದಿನಾ ಇದು" ಎಂದಳು ಬಾಳವ್ವ. "ಇವತ್ತ ಊರಿನ ಹೆಸರ ತಗದ್ರ ಅದಕ್ಕ ದಾರಿ ತೋರಿಸಿದಂಗ. ಯಾರ ಕೇಳಿದ್ರೂ ನಮಗ ಊರಿಲ್ಲ ಅನಬೇಕು. ಹೊತ್ತ ಮುಣಗಲಿ, ಪಾದಗಟ್ಟಿ ಮುಂದ ಹೇಳತೇವಿ. ಅಲ್ಲೀತನಕಾ ಜೀವಾ ಹೋದ್ರೂ ಹೇಳಂಗಿಲ್ಲ."

ಅಧಿಕಾರಿಯ ಕಣ್ಣು ಕುಂಕುಮದ ಕಲ್ಲಿನ ಮುಂದಿದ್ದ ಎಲೆಯ ಮೇಲೆ ಬಿತ್ತು. "ಅದು ಯಾರಿಗೆ ಇಟ್ಟಿದ್ದೀರಿ?" ಎಂದು ಕೇಳಿದರು.

"ಸರಪಳಿಯವರಿಗಿ."

"ಅಂದ್ರೆ?"

"ನಮ್ಮ ಮುತ್ಯಾನ ಮುತ್ಯಾರ ಕಾಲದ್ದ್ರಿ. ಹಿಂಗ ಇಲ್ಲೆ ಉಣ್ಣಾಕ ಕುಂತಾಗ ಸರಪಳಿ ಹೊತಗೊಂಡ ಸರಕಾರದ ಮಂದಿ ಬಂದ್ರಂತ. ಬಿಸಲಾಗ ಬಾಯಿ ಒಣಗಿಸ್ಕೊಂಡ ಬಂದಿದ್ರಂತ. ನಮ್ಮವ್ರು ಕರದು ಉಣಿಸಿದ್ರು. ಉಂಡು, ಈ ಕಲ್ಲ ನಟ್ಟು, ಹ್ವಾದ್ರಂತ. ಹೊರಬೀಡಿನ ವಾರದ ದಿನಾ ಬಂದ ಮಂದಿ, ಅವರ ಎಡಿ ತಪ್ಪಸಬಾರದಂತ ಅಲ್ಲಿಂದ ಇಲ್ಲೀತನಕಾ ಇಡಕೋತ ಬಂದೇವಿ."

ಅಧಿಕಾರಿ ನಿಧಾನವಾಗಿ ಕೇಳಿದರು. "ಆ ಸರಪಳಿಯವರೂ ನಿಮ್ಮ ಹಿರಿಯರನ್ನ ಕೇಳಿರ್ತಾರೆ ಅಲ್ವಾ, ನಿಮ್ಮದು ಯಾವ ಊರು ಅಂತ?"

"ಕೇಳಿರಬೇಕ್ರಿ. ಸರಕಾರದವ್ರು ಮೊದಲ ಅದನ್ನ ಕೇಳತಾರ."

"ಏನು ಹೇಳಿರ್ತಾರೆ ಅವರು?"

ಬಾಳವ್ವ ಆ ಎಡೆಯ ಕಡೆ ನೋಡಿದಳು. ಕೈಯಲ್ಲಿದ್ದ ಹುಗ್ಗಿಯ ಸೌಟು ಕೆಳಗಿಟ್ಟಳು. "ಊರಿಲ್ಲ ಅಂದಿರತಾರ, ಯವ್ವಾ" ಎಂದಳು.

ನಾನು ಆ ಎಡೆಯನ್ನು ಕಣ್ಣಾರೆ ನೋಡಿ, ತಮಾಷೆ ಮಾಡಿ, ಉಂಡು ಎದ್ದುಬಂದವನು. ಅವತ್ತು ಆ ಸರಪಳಿಯವರು ಊರಿಗೆ ಹೋದರು, ಮುಳ್ಳು ಕಂಡರು, ಆರಿದ ಒಲೆ ಕಂಡರು. ಹಳ್ಳ ದಾಟಿ ಬಂದು ದನಕರು, ಗಂಟುಮೂಟೆ ಇಟ್ಟುಕೊಂಡ ಈ ಜನರನ್ನು ಕಂಡರು, ಯಾವ ಊರು ಎಂದು ಕೇಳಿದರು. ನಮಗೆ ಊರಿಲ್ಲ ಎಂದರು ಇವರು. ಅಲೆಮಾರಿಗಳು ಎಂದುಕೊಂಡು, ಹೊಟ್ಟೆ ತುಂಬ ಉಂಡು, ಪಕ್ಕದ ಊರನ್ನು ಹಾಳೂರು ಎಂದು ಬರೆದು ಹೊರಟುಹೋದರು. ಇವತ್ತು ನಮ್ಮ ಗುಮಾಸ್ತನ ಪೆನ್ನು ಬರೆದದ್ದೂ ಅದನ್ನೇ ಅಲ್ಲವೇ?

ನಾನು ಬಾಳವ್ವನ ಅಪ್ಪಣೆ ಕೇಳಿ ಕಲ್ಲಿನ ತಲೆಯ ಕುಂಕುಮವನ್ನು ನೀರಿನಿಂದ ತೊಳೆದೆ. ಕೆತ್ತಿದ ಸರ್ವೆ ಗುರುತು ಸ್ಪಷ್ಟವಾಗಿ ಕಂಡಿತು. ಅದು ಮೊದಲ ಸರ್ವೆಯ ಕಲ್ಲೇ, ನಕಾಶೆಯಲ್ಲಿದ್ದ ಜಾಗದಲ್ಲೇ ಇದೆ, ನಾನೂ ನಾಯಕನೂ ಕೂಡಿ ಅಳೆದಿದ್ದೇವೆ ಎಂದೆ. ಅಧಿಕಾರಿ ನಾಯಕನ ಕಡೆ ತಿರುಗಿ, "ನೀವೇನು ಹೇಳ್ತೀರಿ?" ಎಂದರು.

ನಾಯಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೇಡಂ, ಈ ಕಲ್ಲ ನಟ್ಟವರಿಗೆ ಅವತ್ತ ಇಲ್ಲಿ ಯಾರೋ ಉಣಿಸ್ಯಾರ. ಅದು ಇವರ ಹಿರ್ಯಾರು ಅಲ್ಲಂದ್ರ, ಕಲ್ಲಿಗೆ ಎಡಿ ಇಡೂದು ಇವರಿಗೆ ಯಾರ ಕಲಿಸಿದ್ರು? ನಮ್ಮ ಇಲಾಖೆಯಿಂದ ತಕರಾರ ಇಲ್ಲ, ನಾನ ಬರದು ಕೊಡತೇನಿ" ಎಂದ. ನಾನು ಎಲ್ಲರ ಮುಂದೆ ಅವನನ್ನು ಅಪ್ಪಿಕೊಂಡೆ. ಅಷ್ಟು ವರ್ಷದ ನೌಕರಿಯಲ್ಲಿ ಎದುರು ಪಕ್ಷದವನನ್ನು ಅಪ್ಪಿಕೊಂಡದ್ದು ಅದೊಂದೇ ಸಲ.

ಆದೇಶ ಆಮೇಲೆ ಬಂತು. 'ಬೇಚರಾಕ' ಎಂಬ ಶಬ್ದ ಹೋಯಿತು, ಮನೆಗಳಿದ್ದ ಜಾಗ ಕಾಡಿನ ಲೆಕ್ಕದಿಂದ ಹೊರಬಂತು, ಮನೆ ಮನೆಗೆ ಹಕ್ಕುಪತ್ರ ಹಂಚಿದರು. ನಾನು ಆಗ ನಿವೃತ್ತನಾಗಿದ್ದರೂ ಕರೆದು ಶಾಲು ಹೊದಿಸಿದರು. ಆದರೆ ನನ್ನ ಮಟ್ಟಿಗೆ ಆ ಊರು ಗೆದ್ದದ್ದು ಆ ಮಂಗಳವಾರದ ಸಂಜೆಯೇ.

ಅಧಿಕಾರಿ ವಾಪಸು ಹೋಗಲಿಲ್ಲ. "ಹೇಳಿಕೆ ಇನ್ನೂ ಪೂರ್ತಿ ಆಗಿಲ್ಲ" ಎಂದು ಅಲ್ಲೇ ಉಂಡರು, ಕೂಸುಗಳನ್ನು ಆಡಿಸಿದರು, ಹೊತ್ತು ಮುಳುಗುವವರೆಗೆ ಕಾದರು. ಆಮೇಲೆ ಹಲಗೆಯ ವಾದ್ಯ ಬಾರಿಸಿದರು. ಬಾಳವ್ವ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು ಮುಂದೆ ನಡೆದಳು. ಹಿಂದೆ ದನಕರು, ಅದರ ಹಿಂದೆ ಇಡೀ ಊರು, ಜೊತೆಗೆ ನಾವು. ಗಂಡಸರು ಮುಳ್ಳಿನ ಕೊಂಟೆ ಎಳೆದು ಹಾಕಿದರು. ಪಾದಗಟ್ಟಿಯ ಮುಂದೆ ಬಾಳವ್ವ ಕೆಂಡದ ಮಡಕೆ ಇಳಿಸಿ, ತಿರುಗಿ ನಿಂತು, ಗುಮಾಸ್ತನನ್ನು ಹತ್ತಿರ ಕರೆದಳು. "ಬಾ ಯಪ್ಪಾ, ಪೆನ್ನ ತಗೀ" ಎಂದು, ಅಧಿಕಾರಿಯತ್ತ ನೋಡಿ, "ಈಗ ಕೇಳ್ರಿ, ಯವ್ವಾ" ಎಂದಳು.

"ನಿಮ್ಮದು ಯಾವ ಊರು?" ಎಂದು ಅವರು ಎಲ್ಲರಿಗೂ ಕೇಳಿಸುವಂತೆ ಕೇಳಿದರು.

ಮುದುಕರು, ಸೊಸೆಯಂದಿರು, ತೊದಲು ಮಾತಿನ ಮಕ್ಕಳು ಎಲ್ಲರೂ ಒಟ್ಟಿಗೆ ಊರಿನ ಹೆಸರು ಕೂಗಿದರು. ಕಾಡಿನ ಹಕ್ಕಿಗಳು ಗಾಬರಿಯಾಗಿ ಎದ್ದವು. ಬಾಳವ್ವ ಸಾಲದೆಂಬಂತೆ ಕೈ ಎತ್ತಿದಳು. ಅವರು ಇನ್ನೊಮ್ಮೆ ಕೂಗಿದರು. ಆ ಸಲ ಅವರ ಜೊತೆ ನಾನೂ ಗಂಟಲು ಹರಿಯುವಂತೆ ಕೂಗಿದೆ, ನನ್ನ ಪಕ್ಕದಲ್ಲಿ ಅರಣ್ಯಾಧಿಕಾರಿ ನಾಯಕನೂ ಕೂಗುತ್ತಿದ್ದ.